ಫೋನ್ ಕಸಿದುಕೊಂಡು ಹೋದರೆ: ನಮ್ಮ ಜಿಲ್ಲೆಯಿಂದ ಲಂಡನ್ನಿಗೆ ಹೊಸದಾಗಿ ಬಂದವರಿಗೆ

ಉತ್ತರ ಕನ್ನಡದ ಸಿರ್ಸಿ, ಕುಮಟಾ, ಕಾರವಾರ ಕಡೆಯಿಂದ ಓದಲಿಕ್ಕೋ ಕೆಲಸಕ್ಕೋ ಬರುವವರು ಬಾಡಿಗೆ ಮನೆ, ಬ್ಯಾಂಕ್ ಖಾತೆ, ಕುಚ್ಚಲಕ್ಕಿ ಸಿಗುವ ಅಂಗಡಿ, ಎಲ್ಲವನ್ನೂ ಮೊದಲೇ ವಿಚಾರಿಸುತ್ತಾರೆ. ಕಳ್ಳತನದ ವಿಷಯವನ್ನು ಮಾತ್ರ ಆದ ಮೇಲೆ ಕೇಳುತ್ತಾರೆ. ಆಗ ಕೈಯಲ್ಲಿ ಫೋನ್ ಇರುವುದಿಲ್ಲ, ಒಬ್ಬರ ನಂಬರೂ ಬಾಯಿಪಾಠ ಇರುವುದಿಲ್ಲ. ಇದನ್ನು ಓದಿ ಮುಗಿಸಿದ ಕೂಡಲೇ ಮನೆಯ ಒಂದು ನಂಬರು, ಇಲ್ಲಿನ ಒಬ್ಬ ಪರಿಚಿತರ ನಂಬರು ಎರಡನ್ನೂ ಕಾಗದದಲ್ಲಿ ಬರೆದು ಚೀಲದಲ್ಲಿಡಿ. ಫೋನಿನಲ್ಲಿ *#06# ಒತ್ತಿದರೆ ಬರುವ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಿ.

ಇಲ್ಲಿ ಹೊಸಬರಿಗೆ ಹೆಚ್ಚಾಗಿ ಆಗುವುದು ಹೀಗೆ. ಟ್ಯೂಬ್ ನಿಲ್ದಾಣದಿಂದ ಹೊರಗೆ ಬಂದು, ದಾರಿ ಹುಡುಕಲು ನಕ್ಷೆ ತೆರೆದು, ರಸ್ತೆಯಂಚಿನಲ್ಲಿ ನಿಂತಿರುತ್ತೀರಿ. ಹಿಂದಿನಿಂದ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಸದ್ದಿಲ್ಲದೆ ಬಂದವನು ಫೋನನ್ನು ಎಳೆದುಕೊಂಡು ತಿರುವು ದಾಟಿರುತ್ತಾನೆ. ಲಾಕ್ ತೆರೆದಿರುವ ಫೋನ್ ಸಿಕ್ಕರೆ ಅವನಿಗೆ ಇನ್ನೂ ಅನುಕೂಲ. ದಾರಿ ನೋಡಬೇಕಾದರೆ ಅಂಗಡಿಯೊಳಗೆ ಹೋಗಿ ನೋಡಿ. ಕಸಿದುಕೊಂಡವನ ಹಿಂದೆ ಓಡಬೇಡಿ. ಚಾಕು ತೋರಿಸಿದರೆ ಕೇಳಿದ್ದನ್ನು ಕೊಟ್ಟುಬಿಡಿ.

ಜೀವಕ್ಕೆ ಅಪಾಯವಿದ್ದರೆ, ಕಳ್ಳ ಇನ್ನೂ ಹತ್ತಿರದಲ್ಲೇ ಇದ್ದರೆ ಪೊಲೀಸರ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಇಲ್ಲದಿದ್ದರೆ 101, ಅಥವಾ ಪೊಲೀಸರ ಜಾಲತಾಣದಲ್ಲಿ ದೂರು. ರೈಲು, ಟ್ಯೂಬ್‌ಗಳಲ್ಲಿ ಆದದ್ದಾದರೆ ರೈಲ್ವೆ ಪೊಲೀಸರ 61016ಕ್ಕೆ ಸಂದೇಶ ಕಳುಹಿಸಬಹುದು. ಅವರು ಕೊಡುವ ದೂರಿನ ಸಂಖ್ಯೆಯನ್ನು ಜೋಪಾನ ಮಾಡಿ. ವಿಮೆಯವರು ಅದನ್ನೇ ಕೇಳುತ್ತಾರೆ. ಬೇರೆ ಯಾರದಾದರೂ ಫೋನಿನಿಂದ 159 ಒತ್ತಿದರೆ ಇಲ್ಲಿನ ಬಹುತೇಕ ಬ್ಯಾಂಕುಗಳಿಗೆ ನೇರ ಸಂಪರ್ಕ ಸಿಗುತ್ತದೆ.

ಆದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಊರಿನ ಬ್ಯಾಂಕಿನ ಒಟಿಪಿ ಬರುವುದು ಅದೇ ಫೋನಿನಲ್ಲಿರುವ ಭಾರತದ ಸಿಮ್‌ಗೆ. ಅದನ್ನು ಮೊದಲು ಬಂದ್ ಮಾಡಿಸಬೇಕು. ಇಲ್ಲಿ ಕುಳಿತು ಅದೇ ನಂಬರಿನ ಹೊಸ ಸಿಮ್ ಪಡೆಯುವುದು ಬಹಳ ತಾಪತ್ರಯದ ಕೆಲಸ. ಬ್ಯಾಂಕ್ ಒಪ್ಪುವುದಾದರೆ ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿ ಭಾರತೀಯರ ಖಾತೆಗಳಿಗೆ ಇಲ್ಲಿನ ನಂಬರನ್ನೇ ಜೋಡಿಸಿ, ಊರಿನ ಸಿಮ್ಮನ್ನು ಮನೆಯಲ್ಲಿಡುವ ಹಳೆಯ ಫೋನಿಗೆ ಹಾಕಿಡಿ ಎಂಬುದು ನನ್ನ ಸಲಹೆ. ಪಾಸ್‌ಪೋರ್ಟ್ ಹೋದರೆ ಪೊಲೀಸ್ ದೂರಿನೊಂದಿಗೆ ಭಾರತೀಯ ಹೈಕಮಿಷನ್‌ಗೆ ಅರ್ಜಿ ಹಾಕಬೇಕು. ಹೊಸದು ಬಂದ ಮೇಲೆ ನಿಮ್ಮ ಇ-ವೀಸಾ ಖಾತೆಯಲ್ಲಿ ಅದರ ಸಂಖ್ಯೆಯನ್ನು ಸೇರಿಸುವುದನ್ನು ಮರೆಯಬೇಡಿ.

ಬಂಗಾರದ ಬಗ್ಗೆ ಒಂದೇ ಮಾತು. ನಮ್ಮ ಮನೆಗಳಲ್ಲಿ ಬಂಗಾರ ಇರುತ್ತದೆಂದು ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತು. ಮದುವೆಯ ಒಡವೆ ಊರಿನ ಲಾಕರಿನಲ್ಲೇ ಇರಲಿ.

ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ನನಗೆ ಹೆಚ್ಚು ಮುಖ್ಯವೆನಿಸುವುದು ಊರಿಗೆ ಹೇಳುವ ವಿಷಯ.

ಹೊನ್ನಾವರ ಕಡೆಯ ಹುಡುಗಿಯೊಬ್ಬಳು ಫೋನ್ ಕಳೆದುಕೊಂಡು ರಾತ್ರಿ ನಮ್ಮ ಮನೆಗೆ ಬಂದಳು. ಚಳಿಗಾಲ. ಇಲ್ಲಿ 9 ಗಂಟೆ ಎಂದರೆ ಊರಿನಲ್ಲಿ ಬೆಳಗಿನ ಜಾವ ಎರಡೂವರೆ. ‘ಆಯಿಗೆ ಹೇಳುವುದೇ ಬೇಡ, ನಿದ್ದೆ ಬಿಡುತ್ತಾಳೆ’ ಎಂದು ಪಟ್ಟು ಹಿಡಿದಳು. ಆಯಿಗೆ ಬೇಡ, ಅಣ್ಣನಿಗಾದರೂ ಹೇಳು ಎಂದು ನನ್ನ ಫೋನನ್ನು ಕೈಗೆ ಕೊಟ್ಟೆ. ಅವನು ಕರೆ ಎತ್ತಿದವನೇ ‘ನಮ್ಮ ಕೊಟ್ಟಿಗೆಯ ಸಣ್ಣ ಕರುವಿನ ಹೆಸರೇನು ಹೇಳು’ ಎಂದ. ಇವಳಿಗೆ ಸಿಟ್ಟು ಬಂತು. ‘ಗೌರಿ’ ಎಂದಳು. ಆ ಕಡೆ ಅವನಿಗೆ ಅಳು ತಡೆಯಲಿಲ್ಲ. ಅರ್ಧ ಗಂಟೆಯ ಹಿಂದೆ ಅವಳದೇ ವಾಟ್ಸಾಪ್‌ನಿಂದ, ‘ತೊಂದರೆಯಲ್ಲಿದ್ದೇನೆ, ಕೂಡಲೇ ಹಣ ಹಾಕು’ ಎಂದು ಇಂಗ್ಲಿಷಿನಲ್ಲಿ ಸಂದೇಶ ಹೋಗಿತ್ತು. ಅಣ್ಣ ತಂಗಿ ಇಂಗ್ಲಿಷಿನಲ್ಲಿ ಮಾತಾಡುವವರಲ್ಲ. ಅವನಿಗೆ ಅಲ್ಲೇ ಸಂಶಯ ಬಂದಿತ್ತು.

ಹೀಗಾಗಿ ಊರಿನವರ ನಿದ್ದೆ ಕೆಡುತ್ತದೆಂದು ಬೆಳಗಿನವರೆಗೆ ಕಾಯಬೇಡಿ. ಫೋನ್ ಕಳ್ಳನ ಕೈಯಲ್ಲಿದ್ದರೆ ನಿಮ್ಮ ಮನೆಯವರೂ ಅವನ ಕೈಗೆಟಕುವಷ್ಟು ಹತ್ತಿರದಲ್ಲಿದ್ದಾರೆ. ಅಣ್ಣ, ಅಕ್ಕ, ಭಾವ, ಗಾಬರಿ ಬೀಳದ ಯಾರಾದರೂ ಒಬ್ಬರನ್ನು ಆಗಲೇ ಎಬ್ಬಿಸಿ. ಸಂದೇಶ ಸಾಲದು, ನಿಮ್ಮ ದನಿ ಕೇಳಿಸಬೇಕು. ‘ನನಗೆ ಏನೂ ಆಗಿಲ್ಲ, ಇಂಥವರ ಮನೆಯಲ್ಲಿದ್ದೇನೆ’ ಎಂಬುದು ಮೊದಲ ಮಾತಾಗಲಿ. ಕಳ್ಳತನದ ಸುದ್ದಿ ಆಮೇಲೆ. ಪೆಟ್ಟಾಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಮುಂದೊಮ್ಮೆ ಗೊತ್ತಾದರೆ, ನೀವು ಚೆನ್ನಾಗಿದ್ದೇನೆ ಎಂದಾಗಲೆಲ್ಲ ಅವರಿಗೆ ಅನುಮಾನ ಬರುತ್ತದೆ. ಅಪ್ಪ ಆಯಿಗೆ ಬೆಳಿಗ್ಗೆ ಚಹಾ ಕುಡಿದಾದ ಮೇಲೆ ಆ ಒಬ್ಬರು ಎದುರಿಗೆ ಕುಳಿತು ಹೇಳಲಿ. ಹೇಗೂ ಸುದ್ದಿ ನಿಲ್ಲುವುದಿಲ್ಲ. ಅಡಿಕೆ ಮಾರಲು ಸಿರ್ಸಿ ಪೇಟೆಗೆ ಹೋದ ಯಾರೋ ಒಬ್ಬರ ಬಾಯಿಂದ ಅಪ್ಪ ಕೇಳುವ ಹೊತ್ತಿಗೆ ಫೋನ್ ಕಸಿದದ್ದು ಹೋಗಿ ಚಾಕು ಹಾಕಿದ್ದಾಗಿರುತ್ತದೆ.

ಮನೆಯವರೊಂದಿಗೆ ಒಂದು ಗುರುತಿನ ಪ್ರಶ್ನೆಯನ್ನು ಮೊದಲೇ ಮಾತಾಡಿಕೊಳ್ಳಿ. ಫೇಸ್‌ಬುಕ್ಕಿನಲ್ಲಿ ಎಲ್ಲಿಯೂ ಇಲ್ಲದ, ಮನೆಯವರಿಗೆ ಮಾತ್ರ ಗೊತ್ತಿರುವ ಸಂಗತಿಯಾಗಿರಲಿ. ಸಿದ್ದಾಪುರದವರು ಹವ್ಯಕ ಮಾತಿನಲ್ಲಿ, ಕಾರವಾರದವರು ಕೊಂಕಣಿಯಲ್ಲಿ, ಭಟ್ಕಳದವರು ನವಾಯತಿಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಇನ್ನೊಂದು ಎಚ್ಚರ. ಕಳೆದ ಫೋನನ್ನು ದೂರದಿಂದ ಲಾಕ್ ಮಾಡುವಾಗ ಪರದೆಯ ಮೇಲೆ ತೋರಿಸಲು ಒಂದು ನಂಬರು ಕೇಳುತ್ತದೆ. ಅಲ್ಲಿ ಆಯಿಯ ನಂಬರು ಹಾಕಬೇಡಿ. ‘ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ’ ಎಂಬ ಮೋಸದ ಸಂದೇಶ ಆ ನಂಬರಿಗೇ ಬರುತ್ತದೆ. ಊರಿನಿಂದ ಯಾರಾದರೂ ಮೋಸಹೋಗಿ ಹಣ ಹಾಕಿದ್ದರೆ ಅವರು ತಡಮಾಡದೆ ಭಾರತದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಇನ್ನು ಮುಂದಿನದನ್ನು ಮನೆಯವರಿಗೆ ಓದಿ ಹೇಳಿ. ‘ರಾತ್ರಿ ಹೊರಗೆ ಯಾಕೆ ಹೋಗಿದ್ದೆ?’ ಎಂದು ಕೇಳಬೇಡಿ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಆ ಹೊತ್ತಿನಲ್ಲಿ ಕಾಲೇಜು ಬಿಟ್ಟಿರುವುದಿಲ್ಲ. ‘ಅಷ್ಟು ದುಬಾರಿ ಫೋನ್ ಬೇಕಿತ್ತಾ?’ ಎಂಬುದೂ ಬೇಡ. ತಮ್ಮದೇ ತಪ್ಪು ಎಂದು ಆ ಮಕ್ಕಳು ಅಷ್ಟರಲ್ಲಾಗಲೇ ನೂರು ಸಲ ಅಂದುಕೊಂಡಿರುತ್ತಾರೆ. ತಪ್ಪು ಕಳ್ಳನದು. ಅದನ್ನು ಬಾಯಿಬಿಟ್ಟು ಹೇಳಿ. ‘ಎಲ್ಲ ಬಿಟ್ಟು ಬಂದುಬಿಡು’ ಎಂಬ ಮಾತನ್ನು ಆ ವಾರ ಆಡದಿದ್ದರೆ ದೊಡ್ಡ ಉಪಕಾರ. ನೆಂಟರಿಷ್ಟರೆಲ್ಲ ಒಬ್ಬೊಬ್ಬರಾಗಿ ಕರೆ ಮಾಡಿ ಅದೇ ಕತೆ ಕೇಳದಂತೆ ಮನೆಯ ಒಬ್ಬರು ಉತ್ತರ ಹೇಳುವ ಹೊಣೆ ಹೊತ್ತುಕೊಳ್ಳಿ.

ಮಕ್ಕಳಿಗೂ ಒಂದು ಮಾತು. ‘ಎಷ್ಟು ಹೋಯಿತು?’ ಎಂದು ಅಪ್ಪ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅಷ್ಟು ದೂರದಿಂದ ಅವರು ತುಂಬಿಕೊಡಬಹುದಾದದ್ದು ಅದೊಂದೇ. ಆಯಿ ಇಡಗುಂಜಿ ಗಣಪತಿಗೆ ಹರಕೆ ಹೇಳಿಕೊಂಡರೆ, ಮಾರಿಕಾಂಬೆಗೆ ಉಡಿ ತುಂಬುತ್ತೇನೆಂದರೆ ಬೇಡವೆನ್ನಬೇಡಿ. ಅವರ ಕೈಲಾಗುವ ಕೆಲಸವನ್ನು ಅವರು ಮಾಡಲಿ.

ಆಮೇಲೂ ಕೆಲವು ವಾರ ಬೆನ್ನ ಹಿಂದೆ ಸೈಕಲ್ ಬಂದರೆ ಎದೆ ಝಲ್ಲೆನ್ನುತ್ತದೆ. ಅದು ಹೇಡಿತನವಲ್ಲ. ವಿಕ್ಟಿಮ್ ಸಪೋರ್ಟ್ ಎಂಬ ಸಂಸ್ಥೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥವರೊಂದಿಗೆ ಉಚಿತವಾಗಿ ಮಾತಾಡುತ್ತದೆ. ಪೊಲೀಸ್ ದೂರು ಕೊಟ್ಟಿರದಿದ್ದರೂ ನಡೆಯುತ್ತದೆ. ಸಂಜೆ ಕೋಣೆ ಸೇರಿದ ಕೂಡಲೇ ‘ಮುಟ್ಟಿದೆ’ ಎಂದು ಮನೆಗೊಂದು ಸಾಲು ಕಳುಹಿಸಿ. ಠಾಣೆಗಾಗಲಿ ಹೈಕಮಿಷನ್‌ಗಾಗಲಿ ಒಬ್ಬರೇ ಹೋಗಬೇಡಿ. ನಮ್ಮ ಕಡೆಯವರು ಇಲ್ಲಿ ಸಾಕಷ್ಟು ಜನ ಇದ್ದೇವೆ, ಹೇಳಿ ಕಳುಹಿಸಿದರೆ ಯಾರಾದರೊಬ್ಬರು ಜೊತೆಗೆ ಬರುತ್ತೇವೆ.