ಮನೆ ಬಾಡಿಗೆಗೆ ಹಿಡಿಯುವ ಮುನ್ನ: ಅಮೆರಿಕದ ಮಿಡ್ಲ್ ಸ್ಕೂಲನ್ನು ಅಳೆಯುವ ಬಗೆ

ಅಮೆರಿಕಕ್ಕೆ ಹೊಸದಾಗಿ ಬರುವ ನಮ್ಮವರಲ್ಲಿ ಅನೇಕರು ಮನೆ ಹುಡುಕುವ ಮೊದಲ ದಿನವೇ, ಶಾಲೆಗಳಿಗೆ ಅಂಕ ಕೊಡುವ ಜಾಲತಾಣವಾದ ಗ್ರೇಟ್‌ಸ್ಕೂಲ್ಸ್‌ನ ರೇಟಿಂಗ್ ನೋಡಿ, ಹತ್ತಕ್ಕೆ ಎಂಟಾದರೂ ಇಲ್ಲದ ಶಾಲೆಯ ಬಡಾವಣೆಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತಾರೆ. ಆ ಅಂಕಿ ಸುಳ್ಳಲ್ಲ. ಆದರೆ ಅದರಲ್ಲಿ ಪರೀಕ್ಷಾ ಫಲಿತಾಂಶದ ಪಾಲು ದೊಡ್ಡದು, ಪರೀಕ್ಷಾ ಫಲಿತಾಂಶವೋ ಬಹುಮಟ್ಟಿಗೆ ಆ ಬಡಾವಣೆಯ ಪೋಷಕರ ಆದಾಯ ಮತ್ತು ಓದನ್ನು ಹೇಳುತ್ತದೆ. ಮಿಡ್ಲ್ ಸ್ಕೂಲಿನ, ಅಂದರೆ ಸಾಮಾನ್ಯವಾಗಿ 6ರಿಂದ 8ನೆಯ ತರಗತಿಯವರೆಗಿನ, ಮೂರು ವರ್ಷ ಆ ಕಟ್ಟಡದೊಳಗೆ ನಿಮ್ಮ ಮಗು ಏನು ಕಲಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಮೊದಲು ವಿಳಾಸದ ವಿಚಾರವನ್ನು ಮುಗಿಸಿಬಿಡೋಣ. ಸಾರ್ವಜನಿಕ ಶಾಲೆ ಸಾಮಾನ್ಯವಾಗಿ ಮನೆಯ ವಿಳಾಸದ ಮೇಲೆ ನಿಗದಿಯಾಗುತ್ತದೆ, ರಸ್ತೆಯ ಈ ಬದಿಗೊಂದು, ಆ ಬದಿಗೊಂದು ಶಾಲೆ ಇರುವುದೂ ಉಂಟು. ಬಾಡಿಗೆ ಜಾಹೀರಾತಿನಲ್ಲಿ ತೋರಿಸಿದ ಶಾಲೆಯನ್ನು ನಂಬದೆ, ಆ ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಆಡಳಿತ ಸಂಸ್ಥೆಯಾದ ಶಾಲಾ ಡಿಸ್ಟ್ರಿಕ್ಟ್‌ನ ಕಚೇರಿಗೇ ವಿಳಾಸವನ್ನು ಕೊಟ್ಟು ಖಚಿತಪಡಿಸಿಕೊಳ್ಳಿ. ನಿಮ್ಮ ಮಗುವಿನ ತರಗತಿಯಲ್ಲಿ ಸೀಟು ಉಳಿದಿದೆಯೇ ಎಂದೂ ಕೇಳಿ. ತುಂಬಿಹೋದ ಶಾಲೆಗಳಲ್ಲಿ ತಡವಾಗಿ ಬಂದವರ ಮಕ್ಕಳನ್ನು ಅದೇ ಡಿಸ್ಟ್ರಿಕ್ಟ್‌ನ ಮತ್ತೊಂದು ಶಾಲೆಗೆ ಕಳುಹಿಸುವ ಪದ್ಧತಿ ಹಲವು ಕಡೆ ಇದೆ.

2015ರ ಒಕ್ಕೂಟ ಶಿಕ್ಷಣ ಕಾಯ್ದೆಯ ಪ್ರಕಾರ ಪ್ರತಿಯೊಂದು ರಾಜ್ಯವೂ ಪ್ರತಿ ಸಾರ್ವಜನಿಕ ಶಾಲೆಯ ರಿಪೋರ್ಟ್ ಕಾರ್ಡನ್ನು ಪ್ರಕಟಿಸಬೇಕು. ಅದರಲ್ಲಿ ಎಷ್ಟು ಮಕ್ಕಳು ನಿಗದಿತ ಮಟ್ಟ ಮುಟ್ಟಿದರು ಎಂಬ ಸಾಲಿನ ಮೇಲೆಯೇ ಎಲ್ಲರ ಕಣ್ಣು ಬೀಳುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳದ್ದು ಪ್ರಗತಿಯ ಅಂಕಿ, ಅಂದರೆ ಮಕ್ಕಳು ಹೋದ ವರ್ಷ ಇದ್ದ ಮಟ್ಟದಿಂದ ಈ ವರ್ಷ ಎಷ್ಟು ಮುಂದೆ ಬಂದಿದ್ದಾರೆ ಎಂಬುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಜುಕೇಶನಲ್ ಆಪರ್ಚುನಿಟಿ ಪ್ರಾಜೆಕ್ಟ್ ದೇಶದಾದ್ಯಂತ 3ರಿಂದ 8ನೆಯ ತರಗತಿಯವರೆಗಿನ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿ ಅಂಕಗಳು ಕುಟುಂಬಗಳ ಆರ್ಥಿಕ ಸ್ಥಿತಿಯನ್ನು ನಿಕಟವಾಗಿ ಹಿಂಬಾಲಿಸುವುದೂ, ಪ್ರಗತಿಯ ದರ ಅಷ್ಟಾಗಿ ಹಿಂಬಾಲಿಸದಿರುವುದೂ ಕಂಡುಬಂದಿದೆ. ಹೀಗಾಗಿ ಸಾಧಾರಣ ರೇಟಿಂಗ್ ಇರುವ ಶಾಲೆಯೊಂದು ಮಕ್ಕಳನ್ನು ಚೆನ್ನಾಗಿ ಮುಂದೆ ತರುತ್ತಿರಬಹುದು. ಹತ್ತಕ್ಕೆ ಹತ್ತು ಪಡೆದ ಶಾಲೆ, ಮೊದಲೇ ಟ್ಯೂಷನ್ ಮಾಡಿಸಿಕೊಂಡು ಬಂದ ಮಕ್ಕಳ ಬಲದ ಮೇಲೆ ನಿಂತಿರಬಹುದು. (ಆ ಟ್ಯೂಷನ್ನಿಗೆ ಹಣ ಕಟ್ಟುವವರಲ್ಲಿ ನಮ್ಮವರೂ ಕಡಿಮೆಯಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.)

ಮಿಡ್ಲ್ ಸ್ಕೂಲಿನಲ್ಲಿ ಅತಿ ಮುಖ್ಯವಾಗಿ ಕೇಳಬೇಕಾದದ್ದು ಗಣಿತದ ದಾರಿ. ಇಲ್ಲಿ ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2, ಪ್ರೀಕ್ಯಾಲ್ಕ್ಯುಲಸ್, ಕ್ಯಾಲ್ಕ್ಯುಲಸ್ ಎಂದು ವರ್ಷಕ್ಕೊಂದರಂತೆ ನಡೆಯುವುದು ವಾಡಿಕೆ. 8ನೆಯ ತರಗತಿಯಲ್ಲಿ ಆಲ್ಜೀಬ್ರಾ 1 ಮುಗಿಸಿದ ಮಗು 12ನೆಯ ತರಗತಿಯಲ್ಲಿ ಕ್ಯಾಲ್ಕ್ಯುಲಸ್ ಮುಟ್ಟುತ್ತದೆ. 9ರಲ್ಲಿ ಶುರು ಮಾಡಿದ ಮಗು ಎಲ್ಲಾದರೊಂದು ಕಡೆ ಎರಡು ಕೋರ್ಸುಗಳನ್ನು ಒಟ್ಟಿಗೆ ಮಾಡಬೇಕು, ಇಲ್ಲವೇ ಬೇಸಿಗೆ ರಜೆಯಲ್ಲಿ ಒಂದನ್ನು ಮುಗಿಸಬೇಕು. ಎಲ್ಲ ಮಕ್ಕಳಿಗೂ ಕ್ಯಾಲ್ಕ್ಯುಲಸ್ ಬೇಕೆಂದು ನಾನು ಹೇಳುತ್ತಿಲ್ಲ, ಆದರೆ ಆ ಬಾಗಿಲು 6ನೆಯ ತರಗತಿಯಲ್ಲೇ ಮುಚ್ಚುವ ಶಾಲೆ ಯಾವುದು ಎಂಬುದು ನಿಮಗೆ ಗೊತ್ತಿರಬೇಕು. ಇದು ಊರಿಂದೂರಿಗೆ ಬೇರೆ: ಸ್ಯಾನ್ ಫ್ರಾನ್ಸಿಸ್ಕೋ 2014ರಲ್ಲಿ 8ನೆಯ ತರಗತಿಯ ಆಲ್ಜೀಬ್ರಾವನ್ನು ಕೈಬಿಟ್ಟಿತ್ತು, ಅದನ್ನು ಮರಳಿ ತರಬೇಕೆಂದು ಅಲ್ಲಿನ ಮತದಾರರು 2024ರ ಮಾರ್ಚ್‌ನಲ್ಲಿ ಅಭಿಪ್ರಾಯ ಕೊಟ್ಟರು. ಆದ್ದರಿಂದ ವಿಷಯಗಳ ಆಯ್ಕೆಗೂ ಮಕ್ಕಳ ಕಷ್ಟಸುಖಕ್ಕೂ ಶಾಲೆಯಲ್ಲಿರುವ ಸಲಹೆಗಾರರಾದ ಕೌನ್ಸೆಲರ್ ಬಳಿ ಮೂರು ವಿಷಯಗಳನ್ನು ನೇರವಾಗಿ ಕೇಳಿ: ಆಲ್ಜೀಬ್ರಾ ಇದೆಯೇ, ಅದಕ್ಕೆ ಮಕ್ಕಳನ್ನು ಯಾವ ಪರೀಕ್ಷೆಯ ಆಧಾರದಲ್ಲಿ ಆರಿಸುತ್ತೀರಿ, ಆ ಪರೀಕ್ಷೆಯ ನಂತರ ಬಂದ ಮಗುವಿಗೆ ಏನು ವ್ಯವಸ್ಥೆ. ಭಾರತದಿಂದ ಬರುವಾಗ ಅಂಕಪಟ್ಟಿಯ ಜೊತೆಗೆ ಗಣಿತದ ಪಠ್ಯಪುಸ್ತಕವನ್ನೂ ತನ್ನಿ; ಅಂಕಪಟ್ಟಿ ನೋಡಿ ಏನೂ ತಿಳಿಯದ ಶಿಕ್ಷಕರಿಗೆ ಪುಸ್ತಕದ ಪರಿವಿಡಿ ಎಲ್ಲವನ್ನೂ ಹೇಳುತ್ತದೆ.

ಹಾಜರಾತಿಯನ್ನೂ ನೋಡಿ. ಶಾಲೆಯ ದಿನಗಳಲ್ಲಿ ಶೇಕಡಾ 10 ಅಥವಾ ಹೆಚ್ಚು, ಅಂದರೆ 180 ದಿನಗಳ ವರ್ಷದಲ್ಲಿ 18 ದಿನ, ತಪ್ಪಿಸಿಕೊಂಡವರನ್ನು ದೀರ್ಘ ಗೈರುಹಾಜರಿಯವರೆಂದು ಎಣಿಸುತ್ತಾರೆ. ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಕಾರಣವನ್ನು ಕೇಳಿ. ಇನ್ನು ಕೌನ್ಸೆಲರ್‌ಗಳ ಸಂಖ್ಯೆ: ಅವರ ರಾಷ್ಟ್ರೀಯ ಸಂಘ ಶಿಫಾರಸು ಮಾಡುವುದು 250 ಮಕ್ಕಳಿಗೆ ಒಬ್ಬರನ್ನು, ಬಹಳಷ್ಟು ಶಾಲೆಗಳು ಅಲ್ಲಿಗೆ ಮುಟ್ಟುವುದಿಲ್ಲ.

ದಾಖಲಾತಿಯ ವೇಳೆ ಮನೆಮಾತಿನ ಬಗ್ಗೆ ಒಂದು ನಮೂನೆ ಕೊಡುತ್ತಾರೆ. ಕನ್ನಡ ಎಂದು ಬರೆದರೆ ಮಗುವನ್ನು ಹಿಂದಿನ ಬೆಂಚಿಗೆ ತಳ್ಳುತ್ತಾರೆಂಬ ಹೆದರಿಕೆಯಿಂದ ಇಂಗ್ಲಿಷ್ ಎಂದು ಬರೆಯಲು ಸಲಹೆ ಕೊಡುವ ಹಿತೈಷಿಗಳು ನಿಮಗೆ ಖಂಡಿತ ಸಿಗುತ್ತಾರೆ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಚೆನ್ನಾಗಿ ಬಂದರೆ ವಿಷಯ ಅಲ್ಲಿಗೆ ಮುಗಿಯುತ್ತದೆ, ಬರದಿದ್ದರೆ ಬೇಕಾದ ನೆರವು ಸಿಗುತ್ತದೆ. ವಿಚಾರಿಸಬೇಕಾದದ್ದು ಆ ನೆರವಿನ ಪೀರಿಯಡ್ ಯಾವ ವಿಷಯದ ಜಾಗದಲ್ಲಿ ಬರುತ್ತದೆ ಎಂಬುದನ್ನು, ಏಕೆಂದರೆ ಕೆಲವು ಶಾಲೆಗಳಲ್ಲಿ ಅದಕ್ಕಾಗಿ ಸಂಗೀತವನ್ನೋ ಚಿತ್ರಕಲೆಯನ್ನೋ ಬಿಡಬೇಕಾಗುತ್ತದೆ.

ಕೊನೆಗೆ, ಮೊದಲೇ ಸಮಯ ಕೇಳಿಕೊಂಡು ಒಮ್ಮೆ ಶಾಲೆಗೆ ಹೋಗಿ. ಗುರುತಿನ ಚೀಟಿ ತೋರಿಸಿ ಹೆಸರು ಬರೆಸಿದ ಮೇಲೆಯೇ ಒಳಗೆ ಬಿಡುವುದರಿಂದ ಕಚೇರಿಯಲ್ಲಿ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ, ಆ ಹೊತ್ತು ವ್ಯರ್ಥವಲ್ಲ: ತಡವರಿಸುವ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ತಾಯಿಗೆ ಅಲ್ಲಿನ ಸಿಬ್ಬಂದಿ ಹೇಗೆ ಉತ್ತರಿಸುತ್ತಾರೆ ಎಂಬುದನ್ನು ಗಮನಿಸಿ. ಸಾಧ್ಯವಾದರೆ ಪೀರಿಯಡ್ ಮುಗಿದು ಮಕ್ಕಳು ಕೋಣೆ ಬದಲಿಸುವ ಹೊತ್ತಿಗೆ ಕಾರಿಡಾರಿನಲ್ಲಿ ಇರುವಂತೆ ನೋಡಿಕೊಳ್ಳಿ. ಆ ನಾಲ್ಕೈದು ನಿಮಿಷ ಗದ್ದಲ ಇದ್ದೇ ಇರುತ್ತದೆ, ಅದು ತಪ್ಪಲ್ಲ. ಶಿಕ್ಷಕರು ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆಯೇ, ಒಂಟಿಯಾಗಿ ಗೋಡೆ ಹಿಡಿದು ನಡೆಯುವ ಮಗುವಿನ ಮೇಲೆ ಯಾರದಾದರೂ ಕಣ್ಣಿದೆಯೇ, ಶೌಚಾಲಯಗಳು ತೆರೆದಿವೆಯೇ ಎಂಬುದನ್ನು ನೋಡಿ. ಮುಂದಿನ ವರ್ಷದ ವಿಷಯಗಳ ಆಯ್ಕೆ ಹಲವೆಡೆ ವಸಂತಕ್ಕೆ ಮುನ್ನವೇ ಶುರುವಾಗುವುದರಿಂದ ಈ ಭೇಟಿಯನ್ನು ಆದಷ್ಟು ಬೇಗ ಇಟ್ಟುಕೊಳ್ಳುವುದು ಲೇಸು. ಆಗಸ್ಟಿನಲ್ಲಿ ಬಂದಿಳಿಯುವವರು ಶಾಲೆ ಆರಂಭವಾದ ಮೊದಲ ವಾರದಲ್ಲೇ ಗಣಿತದ ಮಟ್ಟವನ್ನು ಮರುಪರಿಶೀಲಿಸುವಂತೆ ಲಿಖಿತವಾಗಿ ಕೇಳಿಕೊಳ್ಳಬೇಕು.