ಆರೋಗ್ಯ ವಿಮೆ: ಕಾಯಿಲೆ ಬಗ್ಗೆ ಯಾವಾಗ ಕೇಳಬಹುದು, ಉತ್ತರಿಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಆರೋಗ್ಯ ವಿಮೆಯ ಅರ್ಜಿ ಇಂಗ್ಲಿಷ್‌ನಲ್ಲೋ ಮಲಯಾಳದಲ್ಲೋ ಇದ್ದರೆ ಏಜೆಂಟ್ ತೋರಿಸಿದಲ್ಲಿ ಸುಮ್ನೆ ಸಹಿ ಹಾಕುವವರೇ ಜಾಸ್ತಿ. ಆದರೆ ಕಂಪನಿ ನಮ್ಮ ಕಾಯಿಲೆಗಳ ಬಗ್ಗೆ ಕೇಳುವುದೇ ಆ ಅರ್ಜಿಯಲ್ಲಿ, ಪಾಲಿಸಿ ಕೊಡುವ ಮೊದಲು.

ಮೊದಲು ಪ್ರಶ್ನೆಗಳನ್ನು ಒಂದೊಂದಾಗಿ ಓದಿಸಿಕೊಳ್ಳಿ. ಬಿಪಿ, ಶುಗರ್, ಹಳೆಯ ಆಪರೇಷನ್, ಈಗ ತಗೊಳ್ಳುವ ಮಾತ್ರೆ, ಬೀಡಿ, ಕುಡಿತ ಎಲ್ಲವೂ ಅಲ್ಲಿರುತ್ತವೆ. ಕೇಳುವ ಹಕ್ಕು ಅವರಿಗಿದೆ, ನಿಜ ಹೇಳುವ ಹೊಣೆ ನಮ್ಮದು. ಮಂಗಳೂರಿನ ಆಸ್ಪತ್ರೆಯ ಚೀಟಿಗಳನ್ನು ಎದುರಿಗಿಟ್ಟುಕೊಂಡೇ ಉತ್ತರ ಬರೆಸಿ. "ಶುಗರ್ ಬರೆಯುವುದು ಬೇಡ, ಪ್ರೀಮಿಯಂ ಜಾಸ್ತಿ ಆಗ್ತದೆ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಕ್ಲೇಮ್ ಹೊತ್ತಿಗೆ ಹಳೆಯ ದಾಖಲೆ ಹೊರಬರುತ್ತದೆ. ಹೇಳಿದ ಕಾಯಿಲೆಗಾದರೆ ಅದರ ಚಿಕಿತ್ಸೆಗೆ ವಿಮೆ ಸಿಗಲು 2024ರ ನಿಯಮದಂತೆ ಹೆಚ್ಚೆಂದರೆ 3 ವರ್ಷ ಕಾಯಬೇಕು, ಅಷ್ಟೇ. ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು.

ಅರ್ಜಿಯ ಭಾಷೆ ಬಾರದವರಿಗಾಗಿ ಕೊನೆಯಲ್ಲಿ ಒಂದು ಘೋಷಣೆ ಇರುತ್ತದೆ: ಅರ್ಜಿದಾರರಿಗೆ ಗೊತ್ತಿರುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಲಾಗಿದೆ ಎಂದು. ಕನ್ನಡದಲ್ಲೋ ತುಳುವಿನಲ್ಲೋ ನಿಜಕ್ಕೂ ವಿವರಿಸುವ ತನಕ ಸಹಿ ಹಾಕಬೇಡಿ. ಖಾಲಿ ಅರ್ಜಿಗಂತೂ ಬೇಡವೇ ಬೇಡ. ತುಂಬಿದ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿರಲಿ.

ಪಾಲಿಸಿ ಬಂದ ಮೇಲೆ ನಿಮ್ಮ ಉತ್ತರಗಳನ್ನು ಮತ್ತೊಮ್ಮೆ ನೋಡಿ. ತಪ್ಪಿದ್ದರೆ ಕಂಪನಿಗೆ ಬರೆದು ತಿಳಿಸಿ. ಬೇಡವೆನಿಸಿದರೆ 30 ದಿನದೊಳಗೆ ಹಿಂದಿರುಗಿಸಬಹುದು.

ವರ್ಷ ವರ್ಷ ನವೀಕರಿಸುವಾಗ? ಪ್ರೀಮಿಯಂ ತಪ್ಪಿಸದೆ, ವಿಮೆಯ ಮೊತ್ತ ಹೆಚ್ಚಿಸದೆ ಮುಂದುವರಿಸಿದರೆ ಹೊಸದಾಗಿ ತಪಾಸಣೆ ಮಾಡಿಸಿ ಎನ್ನುವಂತಿಲ್ಲ. ನಡುವೆ ಕಾಯಿಲೆ ಬಂತೆಂದು, ಕ್ಲೇಮ್ ಮಾಡಿದಿರೆಂದು ನವೀಕರಣ ನಿಲ್ಲಿಸುವಂತೆಯೂ ಇಲ್ಲ. ಮೊತ್ತ ಹೆಚ್ಚಿಸಿದರೆ, ಮನೆಯವರನ್ನು ಸೇರಿಸಿದರೆ, ಬೇರೆ ಕಂಪನಿಗೆ ಹೋದರೆ ಮಾತ್ರ ಮತ್ತೆ ಕೇಳಬಹುದು. ಸತತ 60 ತಿಂಗಳು ಕಳೆದ ಮೇಲೆ, ವಂಚನೆ ಸಾಬೀತಾದರೆ ಹೊರತು, 'ಮೊದಲೇ ಹೇಳಿರಲಿಲ್ಲ' ಎಂಬ ನೆಪದಲ್ಲಿ ಕ್ಲೇಮ್ ತಳ್ಳಿಹಾಕಲಾಗದು. ಇದು ಜನರಿಗೆ ಸಿಕ್ಕ ದೊಡ್ಡ ರಕ್ಷಣೆ. ಆದರೂ ಅದನ್ನೇ ನಂಬಿ ಮುಚ್ಚಿಡಬಾರದು, ಅಲ್ವಾ?

ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆಯಿದೆ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಖಾಸಗಿ ವಿಮೆಗೆ ಮೊದಲು ಇದನ್ನು ವಿಚಾರಿಸಿ.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ, ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿ ಕಾಣದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಯಾದ ಕೊಚ್ಚಿಯ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.