ಶುಕ್ರವಾರ ಬೆಳಗ್ಗೆ ಆರೂವರೆ

ಬದಿಯಡ್ಕದಲ್ಲಿ ಎಂಟೂ ಮುಕ್ಕಾಲರ ಬಸ್ಸು ಸಿಕ್ಕಿದರೆ ಹತ್ತಕ್ಕೆ ಮೊದಲು ಕಾಸರಗೋಡಿನ ಕೌಂಟರಿನಲ್ಲಿ ಕೂತಿರುತ್ತೇನೆ. ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಶಿಯರ್ ಕೆಲಸ ನನ್ನದು. ಸಂಜೆ ಲೆಕ್ಕ ತಾಳೆಯಾಗಿ, ಬಸ್ಸು ಹತ್ತಿ, ಚೆರ್ಕಳ ದಾಟಿ ಊರು ಮುಟ್ಟುವಾಗ ಆರೂವರೆ. ಡಿಸೆಂಬರಿನಲ್ಲಿ ಅಷ್ಟು ಹೊತ್ತಿಗೆ ಚೆಂಡು ಕಾಣುವುದಿಲ್ಲ. ಹೀಗಿದ್ದೂ ಆರು ವರ್ಷದಿಂದ ಊರಿನ ಮಕ್ಕಳಿಗೆ ವಾಲಿಬಾಲ್ ಹೇಳಿಕೊಡುತ್ತಿದ್ದೇನೆ. ಸಮಯ ಎಲ್ಲಿಂದ ಸಿಗುತ್ತದೆ ಅಂತ ಕೇಳುವವರೇ ಜಾಸ್ತಿ. ಸಿಗುವುದಿಲ್ಲ. ಸಿಕ್ಕಿದ ಮುಕ್ಕಾಲು ಗಂಟೆಯಲ್ಲಿ ಏನು ಮಾಡಿದೆ ಅಂತ ಹೇಳಬಹುದು, ಅಷ್ಟೇ.

ನಾನು ಟೀಚರ್ ಅಲ್ಲ. ಆದರೂ ಮಕ್ಕಳು ಟೀಚರ್ ಅಂತಲೇ ಕರೆಯುತ್ತಾರೆ. ತೊಂಬತ್ತರ ದಶಕದಲ್ಲಿ ಕಾಲೇಜು ತಂಡದಲ್ಲಿ ಆಡಿದ್ದೆ. ಆಮೇಲೆ ಮದುವೆ, ಮಗಳು, ಕೆಲಸ. ಮಗಳ ಶಾಲೆಯಲ್ಲಿ ಆಟ ಹೇಳಿಕೊಡಲು ಯಾರೂ ಇರಲಿಲ್ಲ. ಮೈದಾನ ಇತ್ತು, ನೆಟ್ ಇರಲಿಲ್ಲ. ಎರಡು ಅಡಿಕೆ ಮರದ ಕಂಬ ನೆಟ್ಟು ಶುರು ಮಾಡಿದೆವು. ಹನ್ನೊಂದರಿಂದ ಹದಿನಾರು ವರ್ಷದವರು, ಹುಡುಗಿಯರು ಹುಡುಗರು ಸೇರಿ ಹದಿನಾಲ್ಕು ಮಂದಿ.

ಮೊದಲ ತಪ್ಪು ವೇಳಾಪಟ್ಟಿಯದ್ದು. ಸೋಮವಾರ, ಬುಧವಾರ, ಶನಿವಾರ ಬೆಳಗ್ಗೆ ಆರೂವರೆಯಿಂದ ಏಳೂ ಕಾಲು ಅಂತ ನನ್ನ ಅನುಕೂಲ ನೋಡಿ ಬರೆದೆ. ಎರಡು ವಾರದಲ್ಲಿ ನಾಲ್ಕು ಮಕ್ಕಳು ನಾಪತ್ತೆ. ಆಸಕ್ತಿ ಇಲ್ಲ ಅಂದುಕೊಂಡು ಸ್ವಲ್ಪ ಸಿಟ್ಟೂ ಮಾಡಿಕೊಂಡೆ. ಒಂದು ದಿನ ಅವರಲ್ಲೊಬ್ಬನ ತಾಯಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. "ಟೀಚರೇ, ಏಳಕ್ಕೆ ಮದ್ರಸ. ಮಧ್ಯದಲ್ಲಿ ಬಿಟ್ಟು ಓಡುವಾಗ ಬೇರೆಯವರು ನೋಡುತ್ತಾರೆ ಅಂತ ಅವನಿಗೆ ನಾಚಿಕೆ. ಶುಕ್ರವಾರ ಮದ್ರಸಕ್ಕೆ ರಜೆ ಅಲ್ವಾ, ಅವತ್ತು ಕರೆಯಬಾರದಾ?" ಅಂದರು. ಇಷ್ಟು ವರ್ಷ ಇದೇ ಊರಿನಲ್ಲಿದ್ದು ನನಗೆ ಇದು ಹೊಳೆದಿರಲಿಲ್ಲ. ಆವತ್ತಿನಿಂದ ಶುಕ್ರವಾರ ನಮ್ಮ ದೊಡ್ಡ ದಿನ. ಭಾನುವಾರ ಸಂಜೆ ಎಲ್ಲರೂ. ಬುಧವಾರ ಬರಲು ಆಗುವವರು ಮಾತ್ರ, ಅದಕ್ಕೆ ಹಾಜರಿ ಇಲ್ಲ.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಇನ್ನೊಂದು ಸಮಸ್ಯೆ. ಮನೆಯವರೆಲ್ಲ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾರೆ. ಮಕ್ಕಳೂ ಕೂರುತ್ತಾರೆ. ಬೆಳಗ್ಗೆ ಬಂದವರ ಕಣ್ಣು ಬಿಟ್ಟಿರುವುದಿಲ್ಲ. ಅಂಥ ದಿನ ಓಟ, ಜಿಗಿತ ಏನೂ ಇಲ್ಲ. ಸುಮ್ನೆ ಪಾಸ್ ಮಾಡಿ ಮನೆಗೆ ಕಳಿಸುತ್ತೇನೆ.

ಇನ್ನು ಅಭ್ಯಾಸದ ವಿಷಯ. ನನ್ನ ಕೋಚ್ ಹೇಗೆ ಮಾಡಿಸುತ್ತಿದ್ದರೋ ನಾನೂ ಹಾಗೆಯೇ ಮಾಡಿಸಿದೆ. ಮೈದಾನಕ್ಕೆ ನಾಲ್ಕು ಸುತ್ತು, ಕೈಕಾಲು ಬಿಡಿಸುವುದು, ಆಮೇಲೆ ಸಾಲು ನಿಂತು ಒಬ್ಬೊಬ್ಬರೇ ಸ್ಮ್ಯಾಶ್. ನೋಟು ಎಣಿಸುವ ಕೈ ಅಲ್ವಾ, ಎಣಿಸುವ ಚಟ ಬಿಡುವುದಿಲ್ಲ. ಒಂದು ಬೆಳಗ್ಗೆ ಜಗಲಿಯ ಮೇಲೆ ಕೂತು ಒಬ್ಬಳು ಹುಡುಗಿಯನ್ನೇ ನೋಡಿದೆ. ನಲ್ವತ್ತು ನಿಮಿಷದಲ್ಲಿ ಅವಳು ಚೆಂಡು ಮುಟ್ಟಿದ್ದು 11 ಸಲ. ಉಳಿದ ಹೊತ್ತು ಜಡೆ ಸರಿಮಾಡಿಕೊಳ್ಳುತ್ತ ಸಾಲಿನಲ್ಲಿ ನಿಂತಿದ್ದಳು.

ಆವತ್ತೇ ಸಾಲು ರದ್ದು. ಇಬ್ಬರಿಗೆ ಒಂದು ಚೆಂಡು. ಅಷ್ಟು ಚೆಂಡು ಎಲ್ಲಿದೆ? ಒಳ್ಳೆಯದು ಎರಡೇ ಇತ್ತು. ಯುವಕ ಸಂಘದವರ ಹತ್ತಿರ ಹಳೆಯದು ಕೇಳಿ ತಂದೆ, ಅಂಗಡಿಯಿಂದ ಕಡಿಮೆ ಬೆಲೆಯ ರಬ್ಬರ್ ಚೆಂಡು ತಂದೆ. ಓಟವೂ ಬೇಡ ಅಂದೆ. ಮಕ್ಕಳು ಹೇಗೂ ಗುಡ್ಡ ಹತ್ತಿ ನಡೆದೇ ಬರುತ್ತಾರೆ. ಮೈ ಬಿಸಿಯಾಗಲು ಮೂರು ಮೂರು ಮಂದಿಯ ಪುಟ್ಟ ಆಟ ಸಾಕು. ಹೊಸಬರಿಗೆ ನೆಟ್ 2 ಮೀಟರ್ ಎತ್ತರಕ್ಕೆ ಇಳಿಸಿದೆ. ಹೆಂಗಸರ ನೆಟ್ 2.24 ಮೀಟರ್, ಗಂಡಸರದ್ದು 2.43. ಆರನೇ ತರಗತಿಯ ಮಗುವಿನ ಮುಂದೆ ಅದನ್ನು ಕಟ್ಟಿದರೆ ಅದು ಆಕಾಶ ನೋಡುತ್ತ ಚೆಂಡು ತಳ್ಳುವುದನ್ನು ಮಾತ್ರ ಕಲಿಯುತ್ತದೆ. ಈಗ ನಲ್ವತ್ತು ನಿಮಿಷದಲ್ಲಿ ಒಬ್ಬೊಬ್ಬರು ನೂರಕ್ಕಿಂತ ಜಾಸ್ತಿ ಸಲ ಚೆಂಡು ಮುಟ್ಟುತ್ತಾರೆ.

ಕೊನೆಯ ಹತ್ತು ನಿಮಿಷ ಸರ್ವಿಸ್, ಅಂದರೆ ಆಟ ಶುರು ಮಾಡುವ ಹೊಡೆತ. ಇದರಲ್ಲಿ ಮಾತ್ರ ನಾನು ಹಠಮಾರಿ. ನಾನು ಆಡುವ ಕಾಲದಲ್ಲಿ ಸೆಟ್ 15ಕ್ಕೆ, ಸರ್ವ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್. ಐದನೇ ಸೆಟ್ ಬಿಟ್ಟರೆ, ಸರ್ವ್ ನೆಟ್‌ಗೆ ಹೊಡೆದರೂ ಎದುರಿನವರಿಗೆ ಸರ್ವಿಸ್ ಹೋಗುತ್ತಿತ್ತು, ಅಷ್ಟೇ. ಈಗ ಸೆಟ್ 25ಕ್ಕೆ, ಯಾರು ಸರ್ವ್ ಮಾಡಿದರೂ ಪ್ರತಿ ರ‍್ಯಾಲಿಗೂ ಪಾಯಿಂಟ್. ತಪ್ಪಿದ ಒಂದೊಂದು ಸರ್ವೂ ಎದುರಿನವರಿಗೆ ನಾವೇ ಕೊಟ್ಟ ದಾನ. ಸಣ್ಣ ಮಕ್ಕಳ ಪಂದ್ಯದಲ್ಲಿ ಹೆಚ್ಚಿನ ಪಾಯಿಂಟ್ ಬರುವುದೇ ಹೀಗೆ. ಸ್ಮ್ಯಾಶ್ ಕಲಿಸಲು ನನಗೆ ಹೊತ್ತಿಲ್ಲ. ಹತ್ತರಲ್ಲಿ ಒಂಬತ್ತು ಸರ್ವ್ ಒಳಗೆ ಬೀಳುವ ಹಾಗೆ ಮಾಡಲು ಹೊತ್ತಿದೆ.

ಮಳೆಗಾಲದ ಕಥೆ ಬೇರೆ. ಉಪಜಿಲ್ಲಾ ಪಂದ್ಯಾಟ ಬರುವುದು ಮಳೆ ಬಿಡುವ ಹೊತ್ತಿಗೆ. ಅಂದರೆ ತಯಾರಿ ನಡೆಯಬೇಕಾದ್ದು ಜೂನ್, ಜುಲೈಯಲ್ಲಿ. ಆಗ ನಮ್ಮ ಮುರಕಲ್ಲಿನ ಮೈದಾನದ ಮೇಲೆ ಹಾವಸೆ ಕಟ್ಟಿರುತ್ತದೆ. ಕಾಲಿಟ್ಟರೆ ಜಾರುತ್ತದೆ, ಬಿದ್ದರೆ ಮೊಣಕಾಲು ತರಚಿ ಹೋಗುತ್ತದೆ. ಮೊದಲ ವರ್ಷ ಹಟ ಹಿಡಿದು ಮಳೆಯಲ್ಲೇ ಆಡಿಸಿದೆ. ಚೆಂಡು ನೀರು ಕುಡಿದು ಕಲ್ಲಿನ ಹಾಗಾಯಿತು. ಅಡಿಕೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ: 300 ಗ್ರಾಂ ದಾಟಿತ್ತು. ನಿಯಮದ ಪ್ರಕಾರ ಇರಬೇಕಾದ್ದು 260ರಿಂದ 280. ಅಂಥ ಚೆಂಡಿನಲ್ಲಿ ಬೆರಳು ಉಳಿಯುವುದು ಹೇಗೆ? ಒಬ್ಬನ ಹೆಬ್ಬೆರಳು ಊದಿತು. ಅಲ್ಲೇ ಇದ್ದ ಹಿರಿಯರೊಬ್ಬರು ಬೆರಳು ಹಿಡಿದು ಎಳೆದುಬಿಟ್ಟರು. ನಮ್ಮಲ್ಲಿ ಇದೊಂದು ಕೆಟ್ಟ ಅಭ್ಯಾಸ. ಎಳೆಯಬೇಡಿ. ಐಸ್ ಇಡಿ, ಊತ ಇಳಿಯದಿದ್ದರೆ ಎಕ್ಸ್‌ರೇ ತೆಗೆಸಿ.

ಈಗ ಮಳೆಗಾಲದಲ್ಲಿ ನೆಟ್ ಬಿಚ್ಚಿಡುತ್ತೇವೆ. ಶಾಲೆಯ ಜಗಲಿಯೇ ಕೋರ್ಟು. ಗೋಡೆಗೆ ಚೆಂಡು ಹೊಡೆದು ಅಂಡರ್‌ಹ್ಯಾಂಡ್ ಪಾಸ್. ನೆಲದ ಮೇಲೆ ಸೀಮೆಸುಣ್ಣದಲ್ಲಿ, ಹೊಡೆಯಲು ಹಾರುವ ಮುಂಚಿನ ಮೂರು ಹೆಜ್ಜೆ ಬರೆಯುತ್ತೇವೆ. ಬಲಗೈಯಲ್ಲಿ ಹೊಡೆಯುವವರಿಗೆ ಎಡ, ಬಲ, ಎಡ. ಚೆಂಡಿಲ್ಲದೆ ಅದನ್ನೇ ತುಳಿಯುವುದು. ಮನೆಯಲ್ಲಿ ಅಂಗಾತ ಮಲಗಿ ಹಣೆಯ ಮೇಲಿನಿಂದ ಬೆರಳಲ್ಲಿ ಚೆಂಡು ಎತ್ತುವುದು, ದಿನಕ್ಕೆ 100 ಸಲ. ತೋಟಕ್ಕೆ ಮದ್ದು ಬಿಡುವ ಗಡಿಬಿಡಿಯಲ್ಲೂ ಇದಕ್ಕೆ ಯಾವ ತಂದೆತಾಯಿಯೂ ಅಡ್ಡ ಹೇಳಿಲ್ಲ.

ಭಾಷೆಯಿಂದಲೂ ಒಂದು ಪಂದ್ಯ ಸೋತಿದ್ದೇವೆ. ನಮ್ಮ ತಂಡದಲ್ಲಿ ತುಳು, ಮಲಯಾಳ, ಕನ್ನಡ, ಕೊಂಕಣಿ ಎಲ್ಲವೂ ಇದೆ. ಚೆಂಡು ಇಬ್ಬರ ನಡುವೆ ಬಂತು. ಒಬ್ಬಳು ತುಳುವಿನಲ್ಲಿ "ಎಂಕ್" ಅಂದಳು, ಇನ್ನೊಬ್ಬಳು ಮಲಯಾಳದಲ್ಲಿ "ಎನಿಕ್ಕ್" ಅಂದಳು. ಇಬ್ಬರೂ ಹೇಳಿದ್ದು "ನನಗೆ" ಅಂತಲೇ. ಕೇಳಿದ ತಕ್ಷಣ ಇಬ್ಬರೂ ಮರ್ಯಾದೆಯಿಂದ ಬಿಟ್ಟುಕೊಟ್ಟರು. ಚೆಂಡು ನೆಲಕ್ಕೆ. ಅದಾದ ಮೇಲೆ ಕೋರ್ಟಿನೊಳಗೆ ಒಂದೇ ಮಾತು, "ಬಾಲ್". ಯಾರು ಮೊದಲು ಕೂಗುತ್ತಾರೋ ಚೆಂಡು ಅವರದ್ದು. ಕೋರ್ಟಿನ ಹೊರಗೆ ಯಾವ ಭಾಷೆಯಲ್ಲಾದರೂ ಜಗಳ ಮಾಡಿಕೊಳ್ಳಲಿ.

ನನಗೆ ಈಗಲೂ ನೋವು ಕೊಡುವ ವಿಷಯ ಒಂದಿದೆ. ಎತ್ತರದ ಹುಡುಗನೊಬ್ಬ, ಹದಿಮೂರು ವರ್ಷ, ಮೊಣಕಾಲಿನ ಕೆಳಗೆ ನೋವು ಅಂದ. ಸೋಮಾರಿತನ ಅಂದುಕೊಂಡೆ. ಪಂದ್ಯಾಟಕ್ಕೆ ಹತ್ತೇ ದಿನ ಇತ್ತು, ಹಾರಿಸಿದೆ. ಮತ್ತೆ ಅವನು ಮೆಟ್ಟಿಲು ಹತ್ತಲೂ ಒದ್ದಾಡಿದ. ಡಾಕ್ಟರು ವಿವರಿಸಿದರು: ಆ ವಯಸ್ಸಿನಲ್ಲಿ ಮಕ್ಕಳು ಬೇಗ ಬೇಗ ಎತ್ತರ ಆಗುತ್ತಾರೆ, ತೊಡೆಯ ಸ್ನಾಯು ಕೆಳಗೆ ಬಂದು ಎಲುಬಿಗೆ ಸೇರುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ, ಹಾರಿದಷ್ಟೂ ಅಲ್ಲಿ ಎಳೆತ. ಅವನು ಎರಡು ತಿಂಗಳು ಹಾರಲಿಲ್ಲ. ಕೂತು ಸ್ಕೋರ್ ಬರೆದ. ಈಗ ಯಾರಾದರೂ ನೋವು ಅಂದರೆ ನಾನು ಎರಡನೇ ಪ್ರಶ್ನೆ ಕೇಳುವುದಿಲ್ಲ.

ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿ ಕೊಡುವವರ ಬಗ್ಗೆ ಹೇಳದಿದ್ದರೆ ಈ ಕಥೆ ಪೂರ್ತಿ ಆಗುವುದಿಲ್ಲ. ಪಕ್ಕದ ಕಣ್ಣೂರು ಜಿಲ್ಲೆಯ ಪೇರಾವೂರಿನ ವಾಲಿಬಾಲ್ ಅಟ್ಯಾಕರ್ (ಸ್ಮ್ಯಾಶ್ ಹೊಡೆಯುವವರು) ಜಿಮ್ಮಿ ಜಾರ್ಜ್ ಹೆಸರು ತೆಗೆದರೆ ನಮ್ಮ ಕಡೆಯ ಐವತ್ತು ದಾಟಿದ ಗಂಡಸರ ಮುಖ ಈಗಲೂ ಅರಳುತ್ತದೆ. ಇಟಲಿಯ ಲೀಗಿನಲ್ಲಿ ಆಡಿದವರು, 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು, ಮರುವರ್ಷವೇ ಇಟಲಿಯಲ್ಲಿ ಕಾರು ಅಪಘಾತದಲ್ಲಿ ತೀರಿಹೋದರು. ಹಾಗಾಗಿ ಎಲ್ಲ ಅಪ್ಪಂದಿರಿಗೂ ತಮ್ಮ ಮಗ ಅಟ್ಯಾಕರ್ ಆಗಬೇಕು. ಹೊನಲು ಬೆಳಕಿನ ಪಂದ್ಯಾಟದಲ್ಲಿ ಜನ ಶಿಳ್ಳೆ ಹೊಡೆಯುವುದೂ ಹೊಡೆತಕ್ಕೇ. ಆದರೆ ಎರಡನೇ ಮುಟ್ಟಿನಲ್ಲಿ ಚೆಂಡು ಸರಿಯಾಗಿ ಎತ್ತುವವರಿಲ್ಲದೆ ಅಟ್ಯಾಕರ್ ಹಾರಿ ಏನು ಮಾಡುವುದು, ಗಾಳಿ ಹೊಡೆಯುವುದಾ?

ಅಷ್ಟೊಂದು ಮಾತಾಡದ ಹುಡುಗಿಯೊಬ್ಬಳನ್ನು ಲಿಫ್ಟರ್ ಮಾಡಿದೆ. ಅಡಿಕೆ ಸುಲಿದು ಗಟ್ಟಿಯಾದ ಬೆರಳು ಅವಳದ್ದು. ಎಲ್ಲರೂ ಎಲ್ಲಿ ನಿಂತಿದ್ದಾರೆ ಅಂತ ಲಿಫ್ಟರ್ ನೋಡಲೇಬೇಕು, ಯಾರಿಗೆ ಕೊಡುವುದು ಅಂತ ಹೇಳಲೇಬೇಕು. ಮೂರು ತಿಂಗಳಲ್ಲಿ ಅವಳ ದನಿ ಗುಡ್ಡದಾಚೆಗೆ ಕೇಳತೊಡಗಿತು. ಮಾರ್ಚ್ ಕೊನೆಯಲ್ಲಿ ಬ್ಯಾಂಕಿನ ವರ್ಷದ ಲೆಕ್ಕ ಮುಗಿಸಿ ನಾನು ಮನೆಗೆ ಬರುವಾಗ ರಾತ್ರಿ ಹತ್ತಾಗುತ್ತದೆ. ಆ ವಾರ ಬೆಳಗ್ಗೆ ಏಳಲು ಆಗುವುದಿಲ್ಲ. ಅವಳ ಕೈಗೆ ನನ್ನ ನೋಟ್‌ಬುಕ್ ಕೊಟ್ಟು, ಪಕ್ಕದ ಮನೆಯ ಅಕ್ಕನನ್ನು ಜಗಲಿಯಲ್ಲಿ ಕೂರಲು ಒಪ್ಪಿಸಿದೆ. ದೊಡ್ಡವರೊಬ್ಬರು ಇಲ್ಲದೆ ಅಭ್ಯಾಸ ಬೇಡ ಅಂತ ಮೊದಲೇ ತಾಯಂದಿರಿಗೆ ಮಾತು ಕೊಟ್ಟಿದ್ದೆ.

ಪಂದ್ಯಾಟಕ್ಕೆಂದು ವರ್ಷಕ್ಕೆ ಐದಾರು ಸಿ.ಎಲ್. (ಸಾಂದರ್ಭಿಕ ರಜೆ) ಹೋಗುತ್ತದೆ. ಮೊದಲು ಜ್ವರ ಅಂತ ಬರೆಯುತ್ತಿದ್ದೆ. ಒಮ್ಮೆ ಊದಿದ ಬೆರಳಲ್ಲಿ ನೋಟು ಎಣಿಸುವಾಗ ಮ್ಯಾನೇಜರ್ ಕಂಡು ನಕ್ಕರು. ಈಗ ನಿಜವನ್ನೇ ಬರೆಯುತ್ತೇನೆ.

ಈ ಸಲದ ಮಾರ್ಚ್ ಮುಗಿದ ಮೇಲೆ, ಶುಕ್ರವಾರ, ಆರೂವರೆಗೆ ಹೋಗಬೇಕಾದವಳು ಏಳಕ್ಕೆ ಹೋದೆ. ನೆಟ್ ಕಟ್ಟಿತ್ತು. ಇಬ್ಬಿಬ್ಬರ ಪಾಸ್ ಮುಗಿದು ಮೂರು ಮಂದಿಯ ಆಟ ನಡೆದಿತ್ತು. ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರದ ಕೆಳಗೆ ಲಿಫ್ಟರ್ ಹುಡುಗಿಯ ಅಕ್ಷರ: ಯಾರದ್ದು ಎಷ್ಟು ಸರ್ವ್ ಒಳಗೆ ಬಿತ್ತು ಅಂತ. ನಾನು ಸೀಟಿ ತೆಗೆದೆ. ಅವಳು ತಿರುಗಿಯೂ ನೋಡದೆ ಹೇಳಿದಳು, "ಟೀಚರೇ, ಈ ಆಟ ಮುಗಿಯಲಿ. ನೀವು ಅಷ್ಟರವರೆಗೆ ಆಚೆಯ ಚೆಂಡು ಹೆಕ್ಕಿ ಕೊಡ್ತೀರಾ?"

ತೋಟದ ಬದಿಗೆ ಎರಡು ಚೆಂಡು ಉರುಳಿ ಹೋಗಿತ್ತು. ಹೆಕ್ಕಲು ಹೋದೆ.